ಐದು ಮನೆಗೆ ಒಂದು ಕುರ್ಚಿ

ಬಡತನ ಎಷ್ಟು ಕಡಿಮೆಯಾಗಿದೆಯೆಂದು ಅಳೆಯಲು ಸಾಲದ ಸಂಸ್ಥೆಯ ಸಾಹೇಬರು ಬರುತ್ತಾರೆಂದಾಗ, ಓಣಿಯ ಹೆಂಗಸರಿಗೆ ಹತ್ತಿದ ಚಿಂತೆ ಒಂದೇ: ಪುಣ್ಯಾತ್ಮರನ್ನು ಕೂರಿಸುವುದೆಲ್ಲಿ? ಅವರ ಸಾಲದ ಸಂಘದ ಐದು ಮನೆಗೂ ಸೇರಿ ಇದ್ದದ್ದು ಇಸ್ತ್ರಿಯವಳ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಸೀಳಿಹೋಗಿದ್ದ ಅದರ ಬೆನ್ನನ್ನು ಹೊಲಿಗೆಯ ಅಕ್ಕ ತಂತಿಯಿಂದ ಹೊಲಿದುಕೊಟ್ಟಿದ್ದಳು.

ಅಕ್ಕನಿಗೆ ಮಂಡಿ ಸವೆದಿತ್ತು. ಹದಿನೆಂಟು ವರ್ಷ ತುಳಿದ ಯಂತ್ರಕ್ಕೆ ಮೋಟಾರು ಹಾಕಿಸಿದರೆ ಕಾಲಿಗೆ ಬಿಡುವು. ಕಡುಬಡವರಿಗೆಂದೇ ಸಂಸ್ಥೆ ಇಟ್ಟಿದ್ದ ಅರ್ಧ ಬಡ್ಡಿಯ ಸಾಲ ಸಿಗಲೆಂದು ಅವಳು ದಿನವೂ ದೇವರಿಗೆ ಕೈಮುಗಿಯುತ್ತಿದ್ದಳು.

ಸಾಹೇಬರು ಬಂದರು. ಅವರು ಒಂದು ಮನೆಯ ಮುಂಬಾಗಿಲು ದಾಟುವಷ್ಟರಲ್ಲಿ ಕುರ್ಚಿ ಹಿಂಬಾಗಿಲಿನಿಂದ ಓಡಿ ಮುಂದಿನ ಮನೆ ಸೇರುತ್ತಿತ್ತು. ಮನೆಗೆ ಬಂದವರನ್ನು ನೆಲದ ಮೇಲೆ ಕೂರಿಸುವಷ್ಟು ಮಾನಗೆಟ್ಟವರು ಅಲ್ಲಿರಲಿಲ್ಲ. ಫಾರ್ಮಿನಲ್ಲಿ ‘ಮನೆಯಲ್ಲಿ ಕುರ್ಚಿ ಇದೆಯೇ’ ಎಂಬ ಪ್ರಶ್ನೆಯಿತ್ತು. ಅದರ ಮೇಲೇ ಕೂತಿದ್ದವರು ಯಾರನ್ನು ಕೇಳಬೇಕು? ಐದು ಮನೆಗೂ ‘ಇದೆ’ ಎಂದು ಗುರುತು ಹಾಕಿದರು.

“ಎಲ್ರೂ ಒಂದೇ ಅಂಗಡೀಲಿ ತಗೊಂಡ್ರಾ?”

“ಹೌದು ಸಾರ್. ಬೆನ್ನು ಹೊಲಿಸಿದ್ದೂ ಒಬ್ಬಳ ಹತ್ರಾನೇ,” ಎಂದಳು ಇಸ್ತ್ರಿಯವಳು.

ಸಾಹೇಬರು ಅದನ್ನೂ ಗಂಭೀರವಾಗಿ ಬರೆದುಕೊಂಡರು.

ತಿಂಗಳು ಕಳೆದು ಸಾಹೇಬರು ಬಿಳಿ ಪ್ಯಾಂಟು ತೊಟ್ಟು, ಗಾಜು ಹಾಕಿಸಿದ ಪ್ರಶಸ್ತಿಪತ್ರ ಹಿಡಿದು ಅಕ್ಕನ ಮನೆಗೆ ಬಂದರು. ಓಣಿ ಬಡತನದಿಂದ ಪಾರಾಗಿತ್ತಂತೆ. ದೇವರೇ ಅವಸರಪಡದ ಕೆಲಸವನ್ನು ಸಂಸ್ಥೆ ಒಂದು ಮಧ್ಯಾಹ್ನದಲ್ಲಿ ಮುಗಿಸಿ ಕೈತೊಳೆದುಕೊಂಡಿತ್ತು.

“ನನ್ನ ಮೋಟಾರಿನ ಸಾಲ, ಸಾರ್?”

“ಅದು ಬಡವರಿಗಮ್ಮ. ನೀವು ಮೇಲೆ ಬಂದ್ಬಿಟ್ರಲ್ಲ. ಕುರ್ಚಿಗೇ ಎರಡು ಅಂಕ ಜಾಸ್ತಿ ಬಂತು.”

“ಆ ಕುರ್ಚಿ ಇಸ್ತ್ರಿಯವಳದು ಸಾರ್. ಐದು ಮನೆಗೂ ತಿರುಗಿದ್ದು ಅದೊಂದೇ.”

“ಐದನ್ನೂ ನಾನೇ ಕಣ್ಣಾರೆ ನೋಡಿದೀನಿ. ವರದಿ ಮೇಲೆ ಹೋಗಿದೆ. ದೊಡ್ಡವರು ಓದಿ ಖುಷಿಪಟ್ಟಿದಾರೆ.”

ಹೀಗೆಂದು ಸಾಹೇಬರು ಕೂರಲು ಅತ್ತಿತ್ತ ನೋಡಿದರು. ಹಿಂಬಾಗಿಲಲ್ಲಿ ಇಸ್ತ್ರಿಯವಳು ಆಗಲೇ ಕುರ್ಚಿ ಎತ್ತಿಕೊಂಡು ಬಂದು ನಿಂತಿದ್ದಳು. ಅಕ್ಕ ಬೇಡವೆಂದು ಕೈಯಾಡಿಸಿದಳು.

“ನೆಲದ ಮೇಲೆ ಕೂತ್ಕೊಳ್ಳಿ ಸಾರ್. ಫಾರ್ಮು ತೆಗೀರಿ, ಮೊದಲಿಂದ ಬರೆಯೋಣ.”

ಸಾಹೇಬರು ನೆಲ ನೋಡಿದರು, ಪ್ಯಾಂಟು ನೋಡಿಕೊಂಡರು. ನಿಂತೇ ಇದ್ದು, ಪ್ರಶಸ್ತಿಪತ್ರವನ್ನು ಹೊಲಿಗೆ ಯಂತ್ರದ ಮೇಲಿಟ್ಟು ಹೊರಟುಹೋದರು.

ಅಕ್ಕ ಅದನ್ನೆತ್ತಿ ಮೂಲೆಗೆ ಒರಗಿಸಿದಳು. ಮಂಡಿಗೆ ಬಟ್ಟೆ ಬಿಗಿದುಕೊಂಡು ಮತ್ತೆ ತುಳಿಯತೊಡಗಿದಳು.