ಆಮ್ರಪಾಲಿ ಬರುವ ತನಕ

ಧೊಂಡಿಬಾ ಗಾಂಧಿ ಗಂಜ್ ಮಾರುಕಟ್ಟೆಯಿಂದ ತಂದ ಎರಡನೆಯ ಮಂಜುಗಡ್ಡೆಯನ್ನು ಮಂಚದ ಕೆಳಗೆ ನೂಕುತ್ತ ಗೊಣಗುತ್ತಿದ್ದ. ಸುದ್ದಿ ಕೇಳಿದವನೇ ಔರಾದಿನಿಂದ ಮೊದಲ ಬಸ್ಸಿಗೆ ಓಡಿಬಂದಿದ್ದ. ಮಂಚದ ಮೇಲೆ ಅವನ ಅಕ್ಕನ ಗಂಡ ಮಚ್ಛೇಂದ್ರ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಸುಕಿನಲ್ಲಿ ಎದೆ ಹಿಡಿದುಕೊಂಡವನು ಆಸ್ಪತ್ರೆ ಮುಟ್ಟುವಷ್ಟೂ ಪುರುಸೊತ್ತು ಕೊಟ್ಟಿರಲಿಲ್ಲ.

“ಅಕ್ಕಾ, ಇದು ಭೀ ಕರಗಲಾಕತ್ತದ. ಹುಡುಗಿಗಿ ಒಂದು ಫೋನ್ ಹಚ್ಚಿದ್ರ ನಿಂದೇನು ಹೋಗತದ?”

“ಅಕಿದು ಹೋಗತದ,” ಎಂದಳು ಶಾಲುಬಾಯಿ. “ಮಧ್ಯಾಹ್ನ ಅಕಿ ಪಾಳಿ ಅದ. ಅದು ಮುಗದ ಮ್ಯಾಲ ನಾನೇ ಹೇಳ್ತೇನಿ. ಅಲ್ಲಿತನಕ ಯಾರೂ ಬಾಯಿ ಬಿಡಬ್ಯಾಡ್ರಿ, ನನ್ನ ಆಣಿ ಅದ.”

ಕಲಬುರಗಿಯಲ್ಲಿ ಅಂದು ರಾಜ್ಯ ಪೊಲೀಸ್ ಶೂಟಿಂಗ್ ತಂಡದ ಆಯ್ಕೆ. ಒಂದೇ ಕಡೆ ನಿಂತು ಗುರಿ ಹೊಡೆಯುವ ಆಟವಲ್ಲ ಅದು. ಪಿಸ್ತೂಲು ಹಿಡಿದು ಹಲಗೆಯ ಗೋಡೆಗಳ ನಡುವೆ ಓಡಬೇಕು. ಕಂದು ರಟ್ಟುಗಳಿಗೆ ಹೊಡೆಯಬೇಕು, ಅವುಗಳ ಮಗ್ಗುಲಲ್ಲೇ ನಿಲ್ಲಿಸಿದ ಬಿಳಿ ರಟ್ಟುಗಳಿಗೆ ಗುಂಡು ತಾಗಬಾರದು. ಗಡಿಯಾರ ಓಡುತ್ತಲೇ ಇರುತ್ತದೆ. ಶಾಲುಬಾಯಿಯ ಮಗಳು, ಕಾನ್‌ಸ್ಟೇಬಲ್ ಆಮ್ರಪಾಲಿ ಹಿಂದೆ ಎರಡು ಸಲ ಅವಸರಪಟ್ಟು ಬಿಳಿಗೆ ಹೊಡೆದು ಬರಿಗೈಯಲ್ಲಿ ಮನೆಗೆ ಬಂದಿದ್ದಳು. ಮೂರನೆಯ ಸಲ ತಪ್ಪಿದರೆ ಮತ್ತೆ ಕರೆಯುವುದಿಲ್ಲವೆಂದು ಸಾಹೇಬರು ಮುಖದ ಮೇಲೇ ಹೇಳಿದ್ದರು.

“ಜರಾ ಸಬರ್ ಮಾಡು ಧೊಂಡಿಬಾ,” ಎಂದ ಮಚ್ಛೇಂದ್ರನ ಹಳೆಯ ಜೊತೆಗಾರ ಕುತುಬೋದ್ದೀನ. “ಕಾಯೋದು ಮಚ್ಛೇಂದ್ರಗ ಹೊಸಾದಲ್ಲ.”

“ಅವರಿಗಿ ಹೊಸಾದಲ್ರಿ. ಬಿಸಲಿಗಿ ಯಾರು ಹೇಳಬೇಕು?”

ಶಾಲುಬಾಯಿ ಯಾರಿಗೂ ಕಾಣದಂತೆ ಸೆರಗಿನಲ್ಲಿ ಬೆವರೊರೆಸಿಕೊಂಡಳು. ಆಣೆ ಇಟ್ಟದ್ದೇನೋ ಇಟ್ಟಳು. ಆದರೆ ‘ಅಪ್ಪ ಸತ್ತ ದಿನ ನನ್ನ ಆಡಲಿಕ್ಕ ಬಿಟ್ಟಿ’ ಎಂದು ನಾಳೆ ಮಗಳು ಮುಖ ತಿರುಗಿಸಿದರೆ ಏನು ಮಾಡುವುದು?

*

ಸಶಸ್ತ್ರ ಪಡೆಯಲ್ಲಿ ಬಂದೂಕು ಕಲಿಸಿ ನಿವೃತ್ತನಾದ ಮಚ್ಛೇಂದ್ರನಿಗೆ ಮನೆಯಲ್ಲಿ ಸುಮ್ಮನೆ ಕೂರುವುದಾಗುತ್ತಿರಲಿಲ್ಲ. ಬಗದಲ್‌ನ ತುಂಡು ಹೊಲದಲ್ಲಿ ಬೇವಿನ ಗಿಡಗಳಿಗೆ ಗೋಣಿಚೀಲ ಕಟ್ಟುತ್ತಿದ್ದ. ನಡುನಡುವೆ, ಬಿಳಿ ರಟ್ಟಿನ ಬದಲು, ತನ್ನ ಹಳೆಯ ಬನಿಯನ್ನುಗಳು. ಹಿಂದೊಂದು ದಿನ ಆಮ್ರಪಾಲಿ ಏರ್ ಪಿಸ್ತೂಲು ಹಿಡಿದು ಓಡಿದಳು, ಧಡಾಧಡ ಹೊಡೆದಳು. ಅಪ್ಪ ಹೋಗಿ ಒಂದು ಬನಿಯನ್ನಿನ ತೂತಿನ ಮೇಲೆ ಬೆರಳಿಟ್ಟ.

“ಇದು ಯಾರು?”

“ಬನಿಯನ್ ಅಪ್ಪಾ.”

“ನಿಮ್ಮವ್ವ. ಹೊಡದು ಕೆಡವಿದಿ ನೋಡು.”

ಬುತ್ತಿ ತಂದಿದ್ದ ಶಾಲುಬಾಯಿ ಸಿಡಿದಳು. “ನಾ ಇನ್ನಾ ಜೀವಂತ ಇದ್ದೀನ್ರಿ! ದಿನಾ ಎಷ್ಟು ಸಲ ಕೊಲ್ಲಸ್ತೀರಿ ನನ್ನ?”

ಅವನು ನಗಲಿಲ್ಲ. ಮಗಳನ್ನು ಮತ್ತೆ ಮೊದಲಿನ ಜಾಗದಲ್ಲಿ ನಿಲ್ಲಿಸಿ, ಸೀಟಿ ಊದಿದ ಮೇಲೆ ಓಡು ಎಂದ. ಊದಲೇ ಇಲ್ಲ. ಬದುವಿನ ಮೇಲೆ ಕುಳಿತು ರೊಟ್ಟಿ ಮುರಿದ, ಊಟ ಮುಗಿಸಿದ, ಎಲೆ ಹಾಕಿಕೊಂಡ. ಬಿಸಿಲಲ್ಲಿ ನಿಂತ ಹುಡುಗಿಯ ಕೈ ಸಿಟ್ಟಿಗೆ ನಡುಗುತ್ತಿತ್ತು.

“ಕೈ ನಡಗೋದು ನಿಂತ ಮ್ಯಾಲ ಊದ್ತೇನಿ. ಒಳಗ ಏನರ ಇರಲಿ, ಕೈಗಿ ಗೊತ್ತಾಗಬಾರದು.”

“ನೀವು ಮನಷ್ಯಾರೇನ್ರಿ?” ಎಂದ ಶಾಲುಬಾಯಿ ಬುತ್ತಿಯ ಗಂಟು ಕಟ್ಟಿಕೊಂಡು ಒಬ್ಬಳೇ ಮನೆಗೆ ಹೊರಟುಬಿಟ್ಟಳು.

*

ಮಧ್ಯಾಹ್ನ, ಆಯ್ಕೆಯ ಪಾಳಿ ಮುಗಿದ ಮೇಲೆ, ಶಾಲುಬಾಯಿಯೇ ಫೋನ್ ಮಾಡಿದಾಗ ಆಮ್ರಪಾಲಿ ‘ಬರಲಾಕತ್ತೀನಿ’ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಏನು, ಎತ್ತ ಎಂದು ಕೇಳಲಿಲ್ಲ. ಹೊತ್ತು ಇಳಿಯುವಾಗ ಟ್ರ್ಯಾಕ್‌ಸೂಟಿನಲ್ಲೇ ಬಂದು ಅಪ್ಪನ ಕಾಲ ಬಳಿ ಕುಳಿತಳು.

“ನಾನೇ ಹೇಳಗೊಟ್ಟಿಲ್ಲ,” ಎಂದಳು ಶಾಲುಬಾಯಿ. “ಬೈಯೋದಿದ್ರ ನನಗ ಬೈ.”

“ನನಗ ಮುಂಜಾನೇ ಗೊತ್ತಿತ್ತು ಅವ್ವಾ. ಧೊಂಡಿಬಾ ಮಾಮಾ ಸ್ಟೇಟಸ್ ಇಟ್ಟಿದ್ದ.”

ಎಲ್ಲರೂ ಧೊಂಡಿಬಾನತ್ತ ತಿರುಗಿದರು. “ಬಸ್ಸಿನಾಗ ಕುಂತಾಗೇ ಇಟ್ಟಿದ್ದೆ,” ಎಂದು ಅವನು ತೊದಲಿದ. ಅವನ ಮೊಬೈಲಿನಲ್ಲಿ ಮಚ್ಛೇಂದ್ರನ ಫೋಟೋ, ಸುತ್ತ ಗುಲಾಬಿ ಹೂ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಆಣೆ ಇಟ್ಟ ಅಕ್ಕನ ಮುಂದೆ ದಿನವಿಡೀ ಓಡಾಡಿದವನಿಗೆ ಅದರ ನೆನಪೇ ಇರಲಿಲ್ಲ.

“ಗೊತ್ತಿದ್ದೂ ಆಡಿದಿ?”

“ಆಡಿದೆ. ಒಂದೂ ಬಿಳೀದಕ್ಕ ತಾಗಲಿಲ್ಲ. ತಂಡದಾಗ ತಗೊಂಡ್ರು.” ಅವಳು ತನ್ನ ಅಂಗೈಗಳನ್ನು ಯಾರದೋ ಎಂಬಂತೆ ನೋಡಿಕೊಂಡಳು. “ಅಪ್ಪ ಹೋಗ್ಯಾನ ಅಂತ ಗೊತ್ತಿತ್ತು ಅವ್ವಾ. ಕೈ ಯಾಕ ನಡಗಲಿಲ್ಲ?”

ಶಾಲುಬಾಯಿ ಬೈಗುಳಕ್ಕಷ್ಟೇ ತಯಾರಾಗಿ ಕುಳಿತಿದ್ದಳು. ಮಂಚದ ಮೇಲೆ ಹಾಯಾಗಿ ಮಲಗಿದವನ ಮೇಲೆ ಕೆಟ್ಟ ಸಿಟ್ಟು ಬಂತು. ಎಬ್ಬಿಸಿ ಕೇಳಬೇಕೆನಿಸಿತು, ನೋಡ್ರಿ, ನನ್ನ ಮಗಳಿಗಿ ಏನ್ ಕಲಿಸಿ ಹೋದ್ರಿ ಅಂತ.

ಬೌದ್ಧ ಗುರು ಭಂತೇಜಿ ತ್ರಿಸರಣದ ಪ್ರಾರ್ಥನೆ ಮುಗಿಸಿದರು. ಚಟ್ಟದ ಮುಂದಿನ ಮೂಲೆಗೆ ಧೊಂಡಿಬಾ ಬಾಗುವಷ್ಟರಲ್ಲಿ ಆಮ್ರಪಾಲಿ ಅವನನ್ನು ಸರಿಸಿ ತಾನೇ ಹೆಗಲು ಕೊಟ್ಟಳು. ಗಲ್ಲಿಯುದ್ದಕ್ಕೂ ನೆಟ್ಟಗೆ ನಡೆದಳು. ದೊಡ್ಡ ರಸ್ತೆಗೆ ಬಂದು ಅರ್ಧ ದಾಟಿದ ಮೇಲೆ ನಿಂತುಬಿಟ್ಟಳು. ಹೊಟ್ಟೆಯ ತಳದಿಂದ ಅಳು ಕಿತ್ತುಕೊಂಡು ಬಂತು.

“ಇಕಾಡಿ ಕೊಡವ್ವ,” ಎಂದು ಧೊಂಡಿಬಾ ಹೆಗಲೊಡ್ಡಿ ಮುಂದೆ ಬಂದ. ಎರಡೂ ಕಡೆ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು.

“ಯಾರೂ ಮುಟ್ಟಬ್ಯಾಡ್ರಿ,” ಶಾಲುಬಾಯಿ ಅಡ್ಡ ಬಂದು ನಿಂತಳು. “ಅಕಿನೇ ಒಯ್ತಾಳ. ನಿಲ್ಲರಿ.”

ಉಳಿದ ಮೂವರೂ ಹೆಗಲ ಮೇಲಿನ ಭಾರದೊಂದಿಗೆ ನಡುರಸ್ತೆಯಲ್ಲಿ ನಿಂತರು. ಆಮ್ರಪಾಲಿ ಬಿಕ್ಕಿದಾಗಲೆಲ್ಲ ಚಟ್ಟದ ಆ ಮೂಲೆ ಅಲುಗಿ, ಮಚ್ಛೇಂದ್ರನ ಎದೆಯ ಮೇಲಿನ ಚೆಂಡುಹೂಗಳು ಒಂದೊಂದಾಗಿ ಡಾಂಬರಿನ ಮೇಲೆ ಬೀಳುತ್ತಿದ್ದವು.