ಯಾಕೂಬಸಾಬರ ಕುರ್ಚಿ

ನೆಂಟರೆಲ್ಲ ಹೋದ ಮಾರನೆಯ ಬೆಳಗ್ಗೆ ನಳಕ್ಕೆ ನೀರು ಬಂತು. ಕೊಡಗಳು ತುಂಬಿದ ಮೇಲೆ ಕುರ್ಚಿ ತೊಳೆದೆ.

ಅದು ನಮ್ಮದಲ್ಲ. ಬಸ್‌ ನಿಲ್ದಾಣದ ಪಕ್ಕ ಚಹಾದಂಗಡಿ ಇಟ್ಟಿರುವ ಯಾಕೂಬಸಾಬರದು.

ನನ್ನ ಗಂಡ ಫಕೀರೇಶ ಇಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮಕ್ಕಳು ಮಕ್ಕಳನ್ನು ಪೀಡಿಸಬಾರದೆಂಬ ನಿಯಮಗಳು ಬಂದಾಗ ಅವುಗಳ ಸಮಿತಿ ಅವರ ಹೆಗಲಿಗೆ ಬಿತ್ತು. ಫಲಕ ಬರೆಸಿದರು. ದೂರಿನ ಪೆಟ್ಟಿಗೆ ಇಡಿಸಿದರು. ಅದು ಖಾಲಿಯೇ ಇರುತ್ತಿತ್ತು. ಪೀಡನೆಯೆಲ್ಲ ನಡೆಯುತ್ತಿದ್ದುದು ಶಾಲೆ ಬಿಟ್ಟ ಮೇಲೆ, ನಿಲ್ದಾಣದಲ್ಲಿ. ಒಂಬತ್ತನೆಯ ತರಗತಿಯ ತಬಸುಮ್ ಕಾಲೆಳೆದು ನಡೆಯುತ್ತಾಳೆ. ಹುಡುಗರು ಹಿಂದಿನಿಂದ ಹಾಗೇ ನಡೆದು ಅಣಕಿಸುತ್ತಿದ್ದರು. ಅವಳ ಚೀಲ ಕಸಿದು ನಿಲ್ದಾಣದ ತಗಡಿನ ಸೂರಿನ ಮೇಲೆ ಒಗೆಯುತ್ತಿದ್ದರು.

“ಗೇಟಿನ ಹೊರಗ ನಮ್ಮ ನಿಯಮ ನಡಿಯಂಗಿಲ್ರಿ ಮಾಸ್ತರ,” ಅಂದಿದ್ದರು ಹೆಡ್‌ಮಾಸ್ತರರು.

ಇವರು ಯಾಕೂಬಸಾಬರಿಂದ ಕುರ್ಚಿ ಎರವಲು ಪಡೆದು ದಿನಾ ಸಂಜೆ ಬಸ್ಸು ಹೋಗುವವರೆಗೆ ಅಲ್ಲಿ ಕೂತರು. ಅಷ್ಟೇ. ಹುಡುಗರು ಸುಮ್ಮನಾದರು.

ನಮ್ಮಲ್ಲಿ ತೀರಿದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಇವರು ತೀರಿಕೊಂಡ ದಿನ ಮನೆಯಲ್ಲಿ ಕೈಗಳಿರುವ ಕುರ್ಚಿ ಇರಲಿಲ್ಲ. ಯಾರೋ ಓಡಿಹೋಗಿ ಇದನ್ನೇ ತಂದರು.

ಕುರ್ಚಿ ಬಿಸಿಲಿಗಿಡುವಾಗ ತಬಸುಮ್‌ಳ ತಾಯಿ ಜುಲೇಖಾಬಿ ಬಂದಳು.

“ನಿನ್ನಿ ಮತ್ತ ಚೀಲ ಒಗದಾರ್ರಿ ಅಕ್ಕಾರ. ಆಕಿ ಅಪ್ಪಾರು ಸಾಲಿ ಬಿಡಿಸೂಣು ಅಂತಾರ. ಇವತ್ತೊಂದಿನ ನೋಡ್ತಾರಂತ.”

ನಾನು ಕುರ್ಚಿಯನ್ನು ಬಿಸಿಲಿಗೆ ತಿರುಗಿಸಿಟ್ಟೆ.

ಸಂಜೆ ಮರಳಿಸಲೆಂದು ಕುರ್ಚಿ ಹೊತ್ತು ಹೋದೆ. ನಿಲ್ದಾಣದಲ್ಲಿ ತೋಳು ಸೋತು ಕೆಳಗಿಟ್ಟೆ. ಹುಡುಗರು ಹಿಂದೆ ಸರಿದರು.

“ಲೇ, ಮಾಸ್ತರ ಹೆಣಾ ಕೂಡಿಸಿದ್ದ ಕುರ್ಚಿ ಲೇ ಅದು.”

“ನೀ ಹೋಗಿ ಮುಟ್ಟಿ ಬಾ ನೋಡೂಣು, ಗಂಡಸ ಇದ್ರ!”

“ನಾ ಒಲ್ಲೆಪಾ.”

ತಬಸುಮ್ ನನ್ನ ಹತ್ತಿರ ಬಂದಳು. “ಕಾಲ ನೋಯಾಕತ್ತೈತ್ರಿ ಅಕ್ಕಾರ. ಕೂಡ್ಲೇನ್ರಿ?”

“ಕೂಡವಾ.”

ಕೂತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಯಾರೂ ಹತ್ತಿರ ಸುಳಿಯಲಿಲ್ಲ. ನಾನು ಅವಳ ಪಕ್ಕ ಕಂಬಕ್ಕೆ ಒರಗಿ ನಿಂತೆ. ಬಸ್ಸು ಬಂತು, ಅವಳನ್ನು ಹತ್ತಿಸಿಕೊಂಡು ಹೋಯಿತು.

ಸೆರಗಿನಿಂದ ಒರೆಸಿ, ಕುರ್ಚಿಯನ್ನು ಯಾಕೂಬಸಾಬರ ಮುಂದೆ ಇಟ್ಟೆ.

“ಇಟಗೋರಿ ತಾಯಿ, ನಾ ಕೇಳೀನೇನು?”

“ನಿಮ್ಮದು ನಿಮಗ ಮುಟ್ಟಬೇಕ್ರಿ ಕಾಕಾ.”

ಅವರು ಕುರ್ಚಿಯ ಕೈ ಸವರಿದರು. “ಇನ್ನ ಗಿರಾಕಿ ಇದರಾಗ ಕೂಡಂಗಿಲ್ಲ ಬಿಡ್ರಿ.”

“ಕೂಡದಿದ್ರ ಬ್ಯಾಡ. ನಾಳಿ ಸಂಜಿಗೆ ಹೊರಗ ಇಡ್ರಿ. ಆಕಿ ಕೂಡ್ತಾಳ.”