ನಾಜೂಕು ಹೊಟ್ಟೆ

ಪ್ರಭಾಕರನ ಹೊಟ್ಟೆಯ ವಿಚಾರ ವಿಶಾಖಪಟ್ಟಣದ ಆ ಕಾರ್ಖಾನೆಯ ಟೌನ್‌ಶಿಪ್ಪಿಗೆಲ್ಲ ಗೊತ್ತು. ಊಟಕ್ಕೆ ಕರೆಯುವವರು ಮೊದಲು ಅದರ ಯೋಗಕ್ಷೇಮ ವಿಚಾರಿಸಿಕೊಂಡೇ ಕರೆಯುತ್ತಿದ್ದರು. ಆಂಧ್ರದ ಖಾರ ನಾಲಿಗೆಗೆ ಸೋಕಿದರೆ ಸಾಕು, ಕರುಳು ಹುಣ್ಣಾಗುತ್ತದೆ ಎಂದು ಅವನು ಹೇಳಿಕೊಂಡು ಬಂದಿದ್ದ. ಹೆಂಡತಿ ಸೀತಾಲಕ್ಷ್ಮಿ ನಂಬಿಕೊಂಡು ಬಂದಿದ್ದಳು. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ ಎಂದು ಈಗ ಅವಳೇ ಹೇಳುತ್ತಾಳೆ.

ಮಂಡ್ಯದ ಕಡೆಯ ಹೆಣ್ಣು, ಹಸಿಮೆಣಸಿನಕಾಯಿ ಕಚ್ಚಿಕೊಂಡು ಮುದ್ದೆ ನುಂಗಿ ಬೆಳೆದವಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಗಂಡನಿಗಾಗಿ ಖಾರದಪುಡಿಯ ಡಬ್ಬವನ್ನೇ ಅಟ್ಟಕ್ಕೇರಿಸಿದಳು. ದಿನವೂ ಹೆಸರುಬೇಳೆ ತೊವ್ವೆ, ಸಪ್ಪೆ ಪಲ್ಯ. ಪಕ್ಕದ ಮನೆಯ ಹಾರಿಕಾ ಪುಂಡಿಸೊಪ್ಪು ರುಬ್ಬಿದ ಖಾರದ ಗೋಂಗೂರ ಪಚ್ಚಡಿ ತಂದುಕೊಟ್ಟರೆ ವಾಸನೆಗೇ ಹೊಟ್ಟೆ ತೊಳಸುತ್ತದೆಂದು ಅವನು ಕಿಟಕಿ ತೆರೆಯುತ್ತಿದ್ದ. ಇಲ್ಲಿಯವರದು ಊಟವಲ್ಲ, ಶಿಕ್ಷೆ ಎನ್ನುತ್ತಿದ್ದ. ಇಲ್ಲಿಯ ಸಂಬಳ ಮಾತ್ರ ಅವನಿಗೆ ಚೆನ್ನಾಗಿ ಅರಗುತ್ತಿತ್ತು.

ನಿವೃತ್ತಿ ಹತ್ತಿರ ಬಂತು. ಮೈಸೂರಿಗೆ ಗಂಟುಮೂಟೆ ಕಟ್ಟುವ ಮುಂಚೆ ಕನಕದುರ್ಗೆಯ ದರ್ಶನ ಮಾಡೋಣವೆಂದು ದುವ್ವಾಡ ಸ್ಟೇಷನ್ನಿನಲ್ಲಿ ವಿಜಯವಾಡದ ರೈಲು ಹತ್ತಿದರು. ಸೀತಾಲಕ್ಷ್ಮಿಗೆ ದೇವಿಯ ಹತ್ತಿರ ಕೇಳುವುದೇನೂ ಇರಲಿಲ್ಲ. ಅಲ್ಲಿಯ ಯಾವುದಾದರೂ ಮೆಸ್ಸಿನಲ್ಲಿ ಎಲೆಯ ಮುಂದೆ ಕೂತು, ಬಿಸಿ ಅನ್ನಕ್ಕೆ ಬೇಳೆ ಹುರಿದು ಕುಟ್ಟಿದ ಕಂದಿಪೊಡಿ, ತುಪ್ಪ ಕಲಸಿ ಒಂದು ಸಲ ಮನಸಾರೆ ಉಣ್ಣಬೇಕಿತ್ತು. ಈ ಸಲ ತಪ್ಪಿದರೆ ಇನ್ನಿಲ್ಲ. ಆದರೂ ನಸುಕಿನಲ್ಲೇ ಎದ್ದು ಗಂಡನಿಗೆ ಚಪಾತಿ, ಸೋರೆಕಾಯಿ ಪಲ್ಯ ಕಟ್ಟಿಕೊಂಡಳು.

ದರ್ಶನ ಮುಗಿಸಿ ದೇವಿಯ ಬೆಟ್ಟ ಇಂದ್ರಕೀಲಾದ್ರಿ ಇಳಿದವಳೇ, ಕಡಿಮೆ ಕಾಸಿಗೆ ಹೊಟ್ಟೆ ತುಂಬ ಬಡಿಸುವ ಒಳ್ಳೆಯ ಮೆಸ್ಸಿಗೆ ಬಿಡಪ್ಪ ಎಂದು ಆಟೋದವನಿಗೆ ತೆಲುಗಿನಲ್ಲಿ ಹೇಳಿದಳು. ಅವನು ತಂದು ನಿಲ್ಲಿಸಿದ ಮೆಸ್ಸಿನ ಬೋರ್ಡು ಕಂಡದ್ದೇ ಪ್ರಭಾಕರನ ಮುಖ ಬಿಳುಚಿಕೊಂಡಿತು.

"ಇಲ್ಲಿ ಬೇಡ ಕಣೇ. ಕೂಲಿಯವ್ರು ತಿನ್ನೋ ಜಾಗ ಇದು. ಸ್ಟೇಷನ್ನಿಗೆ ಹೋಗಿ ಡಬ್ಬಿ ಬಿಚ್ಚೋಣ," ಎಂದ.

ಅವಳು ಆಗಲೇ ಒಳಗೆ ನಡೆದಿದ್ದಳು. ಅವನು ಮುಖಕ್ಕೆ ಕರ್ಚೀಫು ಹಿಡಿದುಕೊಂಡು ಹಿಂದೆ ಬಂದು ಕೂತ. ಕಳ್ಳರೂ ಅಷ್ಟು ಬೆವರುವುದಿಲ್ಲ.

ಬಡಿಸುವ ಬಾಬ್ಜಿ ನರೆತ ಮೀಸೆಯ ಮನುಷ್ಯ, ಕರ್ಚೀಫಿಗೆಲ್ಲ ಮೋಸಹೋಗುವವನಲ್ಲ. ನೋಡಿದ್ದೇ ಮುಖ ಅರಳಿಸಿ, ಈ ತಿಂಗಳು ಸಾರ್ ಬರಲೇ ಇಲ್ಲವಲ್ಲ ಎಂದು ತೆಲುಗಿನಲ್ಲಿ ಉಪಚಾರ ಹೇಳಿದ. ಕೇಳದೆಯೇ ಪ್ರಭಾಕರನ ಎಲೆಗೆ ಗೋಂಗೂರ ಎರಡೆರಡು ಸಲ ಬಡಿಸಿದ, ಮೇಲೆ ಆವಕಾಯಿ ಉಪ್ಪಿನಕಾಯಿ. ಆಮೇಲೆ ಸೀತಾಲಕ್ಷ್ಮಿಯ ಕಡೆ ತಿರುಗಿ ಗಂಡನನ್ನು ಹೊಗಳಿದ. ಆಫೀಸಿನ ಕೆಲಸಕ್ಕೆ ಈ ಊರಿಗೆ ಬಂದಾಗಲೆಲ್ಲ, ಎಷ್ಟೋ ವರ್ಷಗಳಿಂದ, ಸಾರ್ ಊಟ ಇಲ್ಲೇ. ಇಲ್ಲೇ ಹುಟ್ಟಿದವರೂ ಅಷ್ಟು ಖಾರ ತಿನ್ನುವುದಿಲ್ಲ. ಮನೆಯಲ್ಲಿ ಅಮ್ಮಗಾರಿಗೆ ಖಾರ ಆಗುವುದಿಲ್ಲವಂತೆ. ಪಾಪ, ಅದಕ್ಕೇ ಸಾರ್ ಇಲ್ಲಿ ಬಂದು ಆಸೆ ತೀರಿಸಿಕೊಳ್ಳುವುದಂತೆ.

ಸೀತಾಲಕ್ಷ್ಮಿ ಗಂಡನನ್ನು ನೋಡಿದಳು. ಅವನು ಉಪ್ಪಿನ ಕಡೆ ನೋಡುತ್ತಿದ್ದ. ನಾಜೂಕು ಹೊಟ್ಟೆಗೆ ಮನೆಯಲ್ಲಿ ನಡೆದ ರಾಜೋಪಚಾರ ಗಟ್ಟಿ ಹೊಟ್ಟೆಗೆ ನಡೆಯುತ್ತಿತ್ತೇ? ಇಷ್ಟು ಸಣ್ಣ ಮನುಷ್ಯನಿಗಾಗಿ ನಾಲಿಗೆ ಸಾಯಿಸಿಕೊಂಡೆನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

ಅವನು ಇನ್ನೂ ಕೈ ಹಚ್ಚದ ಎಲೆಯನ್ನು ತನ್ನ ಕಡೆಗೆ ಎಳೆದುಕೊಂಡು, ಡಬ್ಬಿ ಬಿಚ್ಚಿ ಅವನ ಮುಂದಿಟ್ಟಳು. ಖಾರ ಆಗದಿರುವುದು ನನಗಲ್ಲ, ನಿಮ್ಮ ಸಾರ್‌ಗೆ ಎಂದು ಪಕ್ಕದ ಮೇಜಿಗೂ ಕೇಳುವಂತೆ ಬಾಬ್ಜಿಗೆ ತೆಲುಗಿನಲ್ಲಿ ಹೇಳಿದಳು. ಗಂಡನಿಗೆ ಕನ್ನಡದಲ್ಲಿ, ಮೆತ್ತಗೆ ಹೇಳಿದಳು:

"ತಿನ್ನಿ. ಮೈಸೂರಿಗೆ ಹೋದ್ಮೇಲೂ ನಿಮಗೆ ಇದನ್ನೇ ಮಾಡ್ಕೊಡ್ತೀನಿ. ನೀವಿರೋವರ್ಗೂ."

ಪ್ರಭಾಕರ ಸೋರೆಕಾಯಿ ಪಲ್ಯ ಬಾಯಿಗಿಟ್ಟುಕೊಂಡು ಜಗಿಯುತ್ತ ಕೂತ. ಎದುರಿಗೆ ಸೀತಾಲಕ್ಷ್ಮಿ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ಉಂಡಳು. ಬಾಬ್ಜಿ ಗಾಬರಿಯಾಗಿ ಮೊಸರು ತಂದ. ಅದನ್ನು ಸಾರ್‌ಗೆ ಹಾಕಿ ಎಂದು, ತನ್ನ ಎಲೆಗೆ ಇನ್ನೊಮ್ಮೆ ಗೋಂಗೂರ ಹಾಕಿಸಿಕೊಂಡಳು.